ಕಂಪ್ಯೂಟರ್ ಸೈನ್ಸ್ ಸೀಟು ತೆಗೆದುಕೊಳ್ಳುವ ಮುನ್ನ

ಸಿಇಟಿ ರ‍್ಯಾಂಕ್ ಬಂದು ಆಪ್ಷನ್ ಎಂಟ್ರಿ ಶುರುವಾಗುವ ಹೊತ್ತಿಗೆ, ಪಿಸಿಎಂ ಓದಿದ ಮಕ್ಕಳಿರುವ ಮನೆಗಳಲ್ಲಿ ಒಂದೇ ಚರ್ಚೆ: ಸಿಎಸ್ ತೆಗೆದುಕೊಳ್ಳಬೇಕೋ ಬೇಡವೋ. ಹತ್ತು ವರ್ಷದ ಹಿಂದೆ ಇದು ಚರ್ಚೆಯೇ ಆಗಿರಲಿಲ್ಲ. ರ‍್ಯಾಂಕ್ ಇದ್ದರೆ ಸಿಎಸ್, ಸ್ವಲ್ಪ ಕೆಳಗಿದ್ದರೆ ಐಎಸ್, ಅದೂ ಸಿಗದಿದ್ದರೆ ಇಸಿ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದು, ಕೇಳಿದರೆ ಸಾಕು ಪ್ರೋಗ್ರಾಂ ಬರೆದುಕೊಡತೊಡಗಿತು. 2023-24ರಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೋ ಮೂರರಲ್ಲೂ ಒಟ್ಟು ಸಿಬ್ಬಂದಿ ಸಂಖ್ಯೆ ಇಳಿಯಿತು. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಇನ್ನೊಂದು ಕಡೆ ಸೀಟುಗಳು ಹೆಚ್ಚುತ್ತಲೇ ಇವೆ. ಒಳ್ಳೆಯ ಮಟ್ಟದ ಕಾಲೇಜುಗಳಿಗೆ ಒಂದು ಬ್ರಾಂಚಿಗೆ ಇಷ್ಟೇ ಸೀಟು ಎಂದಿದ್ದ ಮಿತಿಯನ್ನು ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ 2024-25ರಿಂದ ತೆಗೆದುಹಾಕಿತು. ಹೆಚ್ಚಿದ್ದು ಬಹುಪಾಲು ಸಿಎಸ್ ಮತ್ತು ಅದರ ಮರಿಬ್ರಾಂಚುಗಳೇ. ಕೆಲಸ ಕಡಿಮೆಯಾಗುತ್ತಿದೆ, ಸೀಟು ಜಾಸ್ತಿಯಾಗುತ್ತಿದೆ ಎಂದರೆ ಪೋಷಕರಿಗೆ ಗಾಬರಿಯಾಗುವುದು ಸಹಜ.

ಆದರೆ "ಸಿಎಸ್ ಒಳ್ಳೆಯದೇ?" ಎಂಬ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಕೂಡಿಕೊಂಡಿವೆ. ಈ ಪದವಿಯಿಂದ ಇದುವರೆಗೆ ಎರಡು ಪ್ರಯೋಜನಗಳಿದ್ದವು. ಅದು ಕಂಪನಿಯೊಳಗೆ ಬಿಡುವ ಪ್ರವೇಶಪತ್ರವಾಗಿತ್ತು, ಜೊತೆಗೆ ನಾಲ್ಕು ವರ್ಷದ ಗಟ್ಟಿ ಓದೂ ಆಗಿತ್ತು. ಪ್ರವೇಶಪತ್ರವಾಗಿ ಅದರ ಬೆಲೆ ಇಳಿದಿದೆ. ಮತ್ತೆ ಏರುತ್ತದೆಂದು ನಂಬಿ ಸಾಲ ಮಾಡಬಾರದು. ಓದಾಗಿ ಅದರ ಬೆಲೆ ಇಳಿದಿಲ್ಲ, ಮೊದಲಿಗಿಂತ ಹೆಚ್ಚೇ ಆಗಿದೆ. ಓದುವ ಮನಸ್ಸಿರುವವರಿಗೆ, ಓದಿಸುವ ಕಾಲೇಜಿನಲ್ಲಿ, ತಾಳಿಕೊಳ್ಳಬಹುದಾದ ಖರ್ಚಿನಲ್ಲಿ ಸಿಕ್ಕರೆ ಸಿಎಸ್ ಈಗಲೂ ತೆಗೆದುಕೊಳ್ಳಬೇಕಾದ ಪದವಿ. ಈ ಮೂರರಲ್ಲಿ ಎರಡು ಇಲ್ಲದಿದ್ದರೆ ಬೇರೆ ದಾರಿ ನೋಡುವುದು ಮೇಲು.

ಪ್ರವೇಶಪತ್ರದ ಬೆಲೆ ಎಐ ಬಂದ ಮೇಲಷ್ಟೇ ಇಳಿದದ್ದಲ್ಲ. ದೊಡ್ಡ ಐಟಿ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ಆರಂಭದ ಸಂಬಳ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ವರ್ಷಕ್ಕೆ 3ರಿಂದ 3.6 ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಅಷ್ಟರಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ ಎಲ್ಲಿಂದ ಎಲ್ಲಿಗೆ ಹೋಯಿತೆಂಬುದು ಅಲ್ಲಿ ಮಕ್ಕಳನ್ನು ಇಟ್ಟವರಿಗೆ ಗೊತ್ತು. ಒಂದು ಸರಕಿನ ಬೆಲೆ ಇಷ್ಟು ಕಾಲ ಏರದಿದ್ದರೆ ಪೂರೈಕೆ ಅತಿಯಾಗಿದೆ ಎಂದೇ ಅರ್ಥ. ಈ ಕಂಪನಿಗಳ ಲೆಕ್ಕಾಚಾರ ನಿಂತಿದ್ದದ್ದು ಗೋಪುರದ ಆಕಾರದ ತಂಡಗಳ ಮೇಲೆ: ಮೇಲೆ ಕೆಲವೇ ಅನುಭವಿಗಳು, ತಳದಲ್ಲಿ ನೂರಾರು ಹೊಸಬರು. ತಳದವರ ಕೆಲಸವೆಂದರೆ ಟೆಸ್ಟಿಂಗ್, ಹಳೆಯ ಕೋಡಿನಲ್ಲಿ ಸಣ್ಣಪುಟ್ಟ ತಿದ್ದುಪಡಿ, ರಿಪೋರ್ಟ್ ತೆಗೆಯುವುದು. ಎಐ ಉಪಕರಣಗಳು ಚೆನ್ನಾಗಿ ಮಾಡುವುದು ಅದೇ ಕೆಲಸವನ್ನು. ಟಿಸಿಎಸ್ ಕಡಿತ ಮುಖ್ಯವಾಗಿ ಮಧ್ಯಮ ಮತ್ತು ಹಿರಿಯ ಹಂತದವರದ್ದು ಎಂದು ಹೇಳಲಾಗಿತ್ತು, ನಿಜ. ಆದರೆ ಹೊಸಬರ ನೇಮಕ ಕಡಿಮೆಯಾದರೆ ಅದು ಕಡಿತವೆಂದು ಸುದ್ದಿಯಾಗುವುದಿಲ್ಲ. ಕ್ಯಾಂಪಸ್ಸಿಗೆ ಬರುತ್ತಿದ್ದ ಕಂಪನಿ ಬರುವುದಿಲ್ಲ, ಅಷ್ಟೇ.

ಇನ್ನು ಓದಿನ ಬೆಲೆ. ಕಂಪ್ಯೂಟರ್ ಸೈನ್ಸ್ ಬೆಂಗಳೂರಿನ ಐಟಿ ಉದ್ಯಮಕ್ಕಿಂತ ಹಳೆಯದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಇದರ ವಿಭಾಗ ಶುರುವಾದದ್ದು 1962ರಲ್ಲಿ, ಐಐಟಿ ಕಾನ್ಪುರಕ್ಕೆ ಐಬಿಎಂ 1620 ಯಂತ್ರ ಬಂದದ್ದು 1963ರಲ್ಲಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದು 1985ರಲ್ಲಿ. ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಹತ್ತಿರದ ದಾರಿ ಹುಡುಕುವ ವಿಧಾನ, ಕಾಡ್ 1970ರಲ್ಲಿ ಮಂಡಿಸಿದ ಡೇಟಾಬೇಸ್ ಮಾದರಿ ಇಂದಿಗೂ ಪಠ್ಯದಲ್ಲಿವೆ, ಬಳಕೆಯಲ್ಲೂ ಇವೆ. ಪ್ರೋಗ್ರಾಮಿಂಗ್ ಭಾಷೆಗಳು ಬಂದು ಹೋಗುತ್ತವೆ, ಈ ಅಡಿಪಾಯ ಹಾಗೆ ಅಲುಗಾಡುವುದಿಲ್ಲ.

ಈ ಅಡಿಪಾಯ ಏಕೆ ಬೇಕೆಂದು ಒಂದು ಕೆಲಸವನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಒಂದು ತಾಲ್ಲೂಕಿನಲ್ಲಿ ಯಾವುದೋ ಯೋಜನೆಯ 1 ಲಕ್ಷ ಫಲಾನುಭವಿಗಳ ಪಟ್ಟಿ ಇದೆ ಎಂದುಕೊಳ್ಳಿ. ಎರಡು ಸಲ ಸೇರಿಕೊಂಡವರನ್ನು ಹುಡುಕಬೇಕು. ಪ್ರತಿ ಹೆಸರನ್ನೂ ಉಳಿದ ಎಲ್ಲ ಹೆಸರುಗಳ ಜೊತೆ ಹೋಲಿಸುವ ಪ್ರೋಗ್ರಾಮನ್ನು ಯಾರು ಬೇಕಾದರೂ ಬರೆಯಬಹುದು. 100 ಹೆಸರು ಹಾಕಿ ನೋಡಿದರೆ 4,950 ಹೋಲಿಕೆ, ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. 1 ಲಕ್ಷ ಹೆಸರು ಹಾಕಿದರೆ ಹೋಲಿಕೆಗಳು ಸುಮಾರು 500 ಕೋಟಿ! ಹೆಸರುಗಳನ್ನು ಮೊದಲು ಅಕಾರಾದಿಯಾಗಿ ಜೋಡಿಸಿಕೊಂಡರೆ ಒಂದೇ ಹೆಸರು ಅಕ್ಕಪಕ್ಕ ಬರುತ್ತದೆ; ಹಾಗೆ ಜೋಡಿಸಲು ಸುಮಾರು 17 ಲಕ್ಷ ಹೋಲಿಕೆ ಸಾಕು. ಇಷ್ಟನ್ನು ಎಐ ಕೂಡ ಹೇಳಿಕೊಡುತ್ತದೆ. ಆದರೆ ನಿಜವಾದ ಪಟ್ಟಿಯಲ್ಲಿ ಒಬ್ಬನೇ ಮನುಷ್ಯ ಒಂದು ಕಡೆ "ಮಂಜುನಾಥ ಎಸ್.", ಇನ್ನೊಂದು ಕಡೆ "ಎಸ್. ಮಂಜುನಾಥ್", ಮತ್ತೊಂದು ಕಡೆ "ಮಂಜಣ್ಣ". ಅಕಾರಾದಿ ಜೋಡಣೆ ಇಲ್ಲಿ ಕೈಕೊಡುತ್ತದೆ, ಮತ್ತೆ ಎಲ್ಲರನ್ನೂ ಎಲ್ಲರ ಜೊತೆ ಹೋಲಿಸುವ ಸ್ಥಿತಿಗೇ ಬರುತ್ತೇವೆ. ಆಗ ಊರುವಾರು ಭಾಗ ಮಾಡಿಕೊಳ್ಳಬಹುದು: 200 ಊರು, ಊರಿಗೆ 500 ಜನ ಎಂದರೆ ಹೋಲಿಕೆ ಎರಡೂವರೆ ಕೋಟಿಗೆ ಇಳಿಯುತ್ತದೆ. ಆದರೆ ಎರಡು ಊರುಗಳಲ್ಲಿ ಹೆಸರು ಬರೆಸಿದವನು ತಪ್ಪಿಸಿಕೊಳ್ಳುತ್ತಾನೆ. ಅವನನ್ನು ಬಿಡಬಹುದೇ? ಒಂದೇ ಹೆಸರಿನ ಇಬ್ಬರು ಬೇರೆ ಬೇರೆ ಬಡವರಲ್ಲಿ ಒಬ್ಬರ ಹಣ ನಿಂತುಹೋದರೆ ಜವಾಬ್ದಾರಿ ಯಾರದು? ಎಲ್ಲಿ ವೇಗ, ಎಲ್ಲಿ ನಿಖರತೆ, ಯಾವ ತಪ್ಪನ್ನು ಸಹಿಸಬಹುದು, ಯಾವುದನ್ನು ಸಹಿಸಬಾರದು ಎಂದು ಲೆಕ್ಕಸಹಿತ ತೂಗಿ ನೋಡುವುದನ್ನೇ ಡೇಟಾ ಸ್ಟ್ರಕ್ಚರ್, ಅಲ್ಗಾರಿದಮ್, ಡೇಟಾಬೇಸ್, ಸಂಭವನೀಯತೆಯ ತರಗತಿಗಳು ಕಲಿಸುತ್ತವೆ. ಕೋಡ್ ಬರೆಯುವುದು ಅಗ್ಗವಾದಷ್ಟೂ ಅದನ್ನು ಓದಿ ಇದು ಸರಿ, ಇದು ತಪ್ಪು ಎನ್ನಬಲ್ಲವರ ಅಗತ್ಯ ಹೆಚ್ಚುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ: ಎಐ ಇನ್ನೂ ಬೆಳೆಯುತ್ತದೆ, ಈ ವಿವೇಚನೆಯನ್ನೂ ಕಲಿತುಬಿಟ್ಟರೆ? ಕಲಿಯಬಹುದು. ಆದರೆ ಅಷ್ಟು ಕಲಿತ ಯಂತ್ರ ಲೆಕ್ಕಪತ್ರ, ಕಾನೂನು, ಆಡಳಿತದ ಕೆಲಸಗಳನ್ನೂ ಅಷ್ಟೇ ಸುಲಭವಾಗಿ ಮಾಡುತ್ತದೆ. ಆ ಕಾರಣಕ್ಕೆ ಸಿಎಸ್ ಬಿಟ್ಟು ಬಿಕಾಂಗೆ ಹೋದವರಿಗೆ ಹೆಚ್ಚಿನ ರಕ್ಷಣೆಯೇನೂ ಸಿಗದು. ಎರಡನೆಯದು, ಉದ್ಯೋಗ ಮಾರುಕಟ್ಟೆ ಬಿದ್ದಿದೆ ಎಂಬುದು. ಈ ವರ್ಷ ಸೇರುವವರು ಹೊರಬರುವುದು ನಾಲ್ಕು ವರ್ಷದ ನಂತರ. 2018ರಲ್ಲಿ ಸೇರಿದವರು 2022ರ ಭರಾಟೆಯ ನೇಮಕಾತಿಯಲ್ಲಿ ಹೊರಬಂದರು, 2020ರಲ್ಲಿ ಸೇರಿದವರು 2024ರ ಬರಗಾಲದಲ್ಲಿ. ಸೇರುವ ದಿನ ಇಬ್ಬರಿಗೂ ಅದು ಗೊತ್ತಿರಲಿಲ್ಲ. 2000-01ರ ಡಾಟ್‌ಕಾಮ್ ಕುಸಿತದ ನಂತರ ಅಮೆರಿಕದಲ್ಲಿ ಸಿಎಸ್ ಸೇರುವವರು ಹಲವು ವರ್ಷ ಕಡಿಮೆಯಾದರು, ಆಮೇಲೆ ಅದೇ ಉದ್ಯಮಕ್ಕೆ ಜನ ಸಾಲದೇ ಹೋಯಿತು. ಇಂದಿನ ಸುದ್ದಿ ನೋಡಿ ನಾಲ್ಕು ವರ್ಷದ ಆಚೆಯ ನಿರ್ಧಾರ ಮಾಡುವುದು ಎರಡೂ ಕಡೆ ಮೋಸ ಮಾಡುತ್ತದೆ.

ಮೂರನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಇದನ್ನೆಲ್ಲ ಮನೆಯಲ್ಲೇ ಕಲಿಯಬಹುದಲ್ಲ? ಕಲಿಯಬಹುದು. ಎನ್‌ಪಿಟಿಇಎಲ್‌ನಲ್ಲಿ ಐಐಟಿ, ಐಐಎಸ್ಸಿ ಪ್ರಾಧ್ಯಾಪಕರ ಪಾಠಗಳಿವೆ, ಹಾರ್ವರ್ಡ್‌ನ ಸಿಎಸ್50 ಕೂಡ ಉಚಿತ. ಹದಿನೆಂಟರ ವಯಸ್ಸಿನಲ್ಲಿ ಯಾರ ಒತ್ತಾಯವೂ ಇಲ್ಲದೆ ಆಪರೇಟಿಂಗ್ ಸಿಸ್ಟಮ್‌ನ ಪಾಠವನ್ನು ಕೊನೆವರೆಗೆ ಓದಿ ಮುಗಿಸುವ ಶಿಸ್ತು ನಿಮ್ಮ ಮಗಳಿಗೋ ಮಗನಿಗೋ ಇದ್ದರೆ ಅದು ಬಹಳ ದೊಡ್ಡ ಗುಣ. ಹೆಚ್ಚಿನವರಿಗೆ ಅದು ಬರುವುದು ಲ್ಯಾಬು, ಇಂಟರ್ನಲ್ಸು, ಜೊತೆಗೆ ಕೂತು ತಲೆಕೆಡಿಸಿಕೊಳ್ಳುವ ಗೆಳೆಯರಿಂದ. ಮೇಲಾಗಿ ಪದವಿಯ ಕಾಗದ ಇಲ್ಲದೆ ಸಾಮಾನ್ಯವಾಗಿ ತೆರೆಯದ ಬಾಗಿಲುಗಳಿವೆ: ಎಂಟೆಕ್ ಪ್ರವೇಶ, ಸರ್ಕಾರಿ ತಾಂತ್ರಿಕ ಹುದ್ದೆ, ಹೊರದೇಶದ ಎಂಎಸ್, ಅಮೆರಿಕದ ಎಚ್-1ಬಿ ವೀಸಾ.

ಹಾಗಾದರೆ ನಿರ್ಧರಿಸುವುದು ಹೇಗೆ?

1. ಮೊದಲು ವಿದ್ಯಾರ್ಥಿಯ ಆಸಕ್ತಿಯನ್ನು ಪರೀಕ್ಷಿಸಿ. ಪರೀಕ್ಷೆ ಮುಗಿದು ಕೌನ್ಸೆಲಿಂಗ್ ಶುರುವಾಗುವವರೆಗಿನ ಬಿಡುವಿನಲ್ಲಿ ಪೈಥಾನ್‌ನ ಮೊದಲ ಪಾಠಗಳನ್ನು ಕಲಿತು, ಎಐ ಸಹಾಯವಿಲ್ಲದೆ ಒಂದು ಪ್ರೋಗ್ರಾಂ ಬರೆಯಲಿ. ಊರಿನ ಹಾಲಿನ ಡೈರಿಯ ಲೆಕ್ಕ ಇದಕ್ಕೆ ಚೆನ್ನಾಗಿ ಹೊಂದುತ್ತದೆ: ಸದಸ್ಯರು ಬೆಳಿಗ್ಗೆ, ಸಂಜೆ ಹಾಕಿದ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಬರೆದುಕೊಂಡು, ದರಪಟ್ಟಿಯ ಪ್ರಕಾರ ಪ್ರತಿಯೊಬ್ಬರ ಬಟವಾಡೆ ಎಷ್ಟೆಂದು ಹೇಳಬೇಕು. ಆಮೇಲೆ ಬೇಕೆಂದೇ ತಪ್ಪು ಹಾಕಿ ನೋಡಲಿ: ಫ್ಯಾಟ್ 3.5ರ ಬದಲು 35, ಒಬ್ಬರ ಸಂಜೆಯ ಹಾಲೇ ನಮೂದಾಗಿಲ್ಲ. ಗಮನಿಸಬೇಕಾದ್ದು ಪ್ರೋಗ್ರಾಂ ಓಡಿತೇ ಎಂಬುದನ್ನಲ್ಲ. ಓಡದಿದ್ದಾಗ ಎರಡು ಗಂಟೆ ಕೂತು ತಪ್ಪು ಹುಡುಕುವ ಹಟ ಬಂತೇ, ಅಥವಾ ಬೇಸರ ಬಂತೇ ಎಂಬುದನ್ನು. ಗಣಿತವೆಂದರೆ ಓಡಿಹೋಗುವವರು, ತಪ್ಪು ಹುಡುಕುವುದನ್ನು ಶಿಕ್ಷೆ ಎಂದುಕೊಳ್ಳುವವರು ಈ ನಾಲ್ಕು ವರ್ಷ ನರಳುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿಗೆ ಹೆದರಿ ಹಿಂಜರಿಯಬೇಕಿಲ್ಲ. ಮೊದಲ ವರ್ಷ ಕಷ್ಟವಾಗುತ್ತದೆ, ಆದರೆ ಲೆಕ್ಕದ ತರ್ಕ ಯಾವ ಭಾಷೆಯಲ್ಲಿ ಹೊಳೆದರೂ ತರ್ಕವೇ.

2. ಕಾಲೇಜಿನ ಅಂಕಿಅಂಶವನ್ನು ನೀವೇ ತೆರೆದು ನೋಡಿ. ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕುವ ಕಾಲೇಜುಗಳು ಸಲ್ಲಿಸುವ ಮಾಹಿತಿ ಸಾರ್ವಜನಿಕವಾಗಿ ಸಿಗುತ್ತದೆ, ಬಹಳಷ್ಟು ಕಾಲೇಜುಗಳ ವೆಬ್‌ಸೈಟಿನಲ್ಲೂ ಇರುತ್ತದೆ. ಅದರಲ್ಲಿ ಸೇರಿದವರೆಷ್ಟು, ನಿಗದಿತ ಅವಧಿಯಲ್ಲೇ ಪಾಸಾದವರೆಷ್ಟು, ಕೆಲಸ ಸಿಕ್ಕವರೆಷ್ಟು, ಅವರ ಮಧ್ಯಾಂಕ ಸಂಬಳ ಎಷ್ಟು ಎಂದು ವರ್ಷವಾರು ಬರೆದಿರುತ್ತದೆ. ಮಧ್ಯಾಂಕ ಎಂದರೆ ಎಲ್ಲರನ್ನೂ ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದಾಗ ನಡುವೆ ನಿಂತವನ ಸಂಬಳ. ಕಾಲೇಜಿನ ಗೇಟಿನ ಫ್ಲೆಕ್ಸಿನಲ್ಲಿರುವ "ಗರಿಷ್ಠ ಪ್ಯಾಕೇಜ್ 40 ಲಕ್ಷ" ಎಂಬುದು ಒಬ್ಬನ ಕಥೆ. ನಿಮ್ಮ ಮಗುವಿನದು ನಡುವೆ ನಿಂತವನ ಕಥೆಯಾಗುವ ಸಾಧ್ಯತೆಯೇ ಹೆಚ್ಚು. ಆ ಅಂಕಿ ಎಲ್ಲ ಬ್ರಾಂಚುಗಳನ್ನೂ ಸೇರಿಸಿ ಕೊಟ್ಟದ್ದು ಎಂಬುದು ನೆನಪಿರಲಿ. "ಆಫರ್" ಮತ್ತು "ವಿದ್ಯಾರ್ಥಿ" ಬೇರೆ ಬೇರೆ ಎಂಬುದೂ ನೆನಪಿರಲಿ: ಒಬ್ಬನಿಗೇ ಮೂರು ಆಫರ್ ಬಂದರೆ ಕಾಲೇಜು ಮೂರು ಎಂದು ಎಣಿಸಬಹುದು. ಇದರ ಜೊತೆಗೆ ಎನ್‌ಬಿಎ ಮಾನ್ಯತೆ ನೋಡಿ. ನ್ಯಾಕ್ ಇಡೀ ಸಂಸ್ಥೆಗೆ ಕೊಡುವ ಮಾನ್ಯತೆ, ಎನ್‌ಬಿಎ ಒಂದೊಂದು ಬ್ರಾಂಚಿಗೆ ಕೊಡುವ ಮಾನ್ಯತೆ. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಿಂದ ಪೂರ್ಣ ಸದಸ್ಯನಾಗಿರುವುದರಿಂದ ಹೊರದೇಶಕ್ಕೆ ಹೋಗುವ ಯೋಚನೆ ಇರುವವರಿಗೆ ಎನ್‌ಬಿಎ ಇನ್ನಷ್ಟು ಮುಖ್ಯ. ಕಾಲೇಜಿಗೆ ಹೋದಾಗ ಕಟ್ಟಡ ತೋರಿಸುತ್ತಾರೆ; ನೀವು ಮೂರನೇ ವರ್ಷದ ಹುಡುಗರನ್ನು ಹುಡುಕಿ, ಅಲ್ಗಾರಿದಮ್ ಪಾಠ ಮಾಡುವ ಅಧ್ಯಾಪಕರು ಎರಡು ವರ್ಷದಿಂದ ಅವರೇ ಇದ್ದಾರೆಯೇ, ಸೆಮಿಸ್ಟರ್ ನಡುವೆ ಬದಲಾಗುತ್ತಾರೆಯೇ ಎಂದು ಕೇಳಿ.

3. ಬ್ರಾಂಚಿನ ಹೆಸರು ನೋಡಬೇಡಿ, ಪಠ್ಯಕ್ರಮ ನೋಡಿ. ಎಐ ಅಂಡ್ ಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ, ಐಒಟಿ ಎಂದು ಹತ್ತಾರು ಹೆಸರುಗಳಿವೆ. ಡಿಸ್ಕ್ರೀಟ್ ಮ್ಯಾಥಮೆಟಿಕ್ಸ್, ಡೇಟಾ ಸ್ಟ್ರಕ್ಚರ್, ಅಲ್ಗಾರಿದಮ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ನೆಟ್‌ವರ್ಕ್, ಸಂಭವನೀಯತೆ, ಲೀನಿಯರ್ ಆಲ್ಜೀಬ್ರಾ ಇವಿಷ್ಟೂ ಇದ್ದರೆ ಹೆಸರು ಯಾವುದಾದರೂ ಚಿಂತೆಯಿಲ್ಲ. ಇವುಗಳಲ್ಲಿ ಎರಡು ಮೂರನ್ನು ತೆಗೆದು ಆ ಜಾಗದಲ್ಲಿ ಇಂದಿನ ಉಪಕರಣಗಳ ಹೆಸರಿನ ವಿಷಯ ಹಾಕಿದ್ದರೆ ಬೇಡ.

4. ಸಾಲದ ಲೆಕ್ಕ ಕಾಗದದ ಮೇಲೆ ಬರಲಿ. 12 ಲಕ್ಷ ಸಾಲ, ಶೇ 10 ಬಡ್ಡಿ, ಹತ್ತು ವರ್ಷದ ಅವಧಿ ಎಂದರೆ ತಿಂಗಳ ಕಂತು ಸುಮಾರು 15,900 ರೂಪಾಯಿ. ಓದುವ ಅವಧಿಯಲ್ಲಿ ಏರುವ ಬಡ್ಡಿ ಸೇರಿದರೆ ಇನ್ನೂ ಹೆಚ್ಚು. 3.6 ಲಕ್ಷದ ಸಂಬಳವೆಂದರೆ ಕಡಿತಕ್ಕೆ ಮುಂಚೆ ತಿಂಗಳಿಗೆ 30 ಸಾವಿರ. ಕಂತು ಕಟ್ಟಿ, ಪಿಜಿ ಬಾಡಿಗೆ ಕೊಟ್ಟರೆ ಬಸ್ ಪಾಸಿಗೆ ಮನೆಯಿಂದ ತರಿಸಬೇಕು. ಅದೇ ಸಾಲ 4 ಲಕ್ಷವಾದರೆ ಕಂತು ಸುಮಾರು 5,300. ಮೊದಲ ಕೆಲಸ ಸಾಧಾರಣದ್ದಾದರೂ ಬದುಕು ಸಾಗುತ್ತದೆ. ಕಡಿಮೆ ಸಂಬಳದ ಕೆಲಸಕ್ಕೆ ಸೇರಿ ಎರಡು ವರ್ಷ ಕಲಿಯಬೇಕಾದ ಕಾಲದಲ್ಲಿ ಸಾಲದ ಹೊರೆ ಇರುವ ಹುಡುಗನಿಗೆ ಆ ಸ್ವಾತಂತ್ರ್ಯ ಇರುವುದಿಲ್ಲ. ಆದ್ದರಿಂದ ನನ್ನ ಅಭಿಪ್ರಾಯ ಖಚಿತ: ಸರ್ಕಾರಿ ಕೋಟಾದಲ್ಲಿ ಸಿಕ್ಕ ಸಿಎಸ್ ಬಗ್ಗೆ ಯೋಚಿಸಿ, ಆದರೆ ಸಾಧಾರಣ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗಾಗಿ ಜಮೀನು ಮಾರಬೇಡಿ, ಅಡವೂ ಇಡಬೇಡಿ.

5. ಬೇರೆ ದಾರಿಗಳನ್ನು ಕೀಳಾಗಿ ಕಾಣಬೇಡಿ. ಸೇವಾ ಕಂಪನಿಗಳು ಬಹುತೇಕ ಎಲ್ಲ ಬ್ರಾಂಚಿನವರನ್ನೂ ತೆಗೆದುಕೊಳ್ಳುತ್ತವೆ. ಗುರಿ ಅಷ್ಟೇ ಆಗಿದ್ದರೆ ಸಿಎಸ್‌ಗೆಂದು ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿಲ್ಲ. ಒಳ್ಳೆಯ ಕಾಲೇಜಿನ ಇಸಿ, ಹಾರ್ಡ್‌ವೇರ್ ಮತ್ತು ಸಾಫ್ಟ್‌ವೇರ್ ಎರಡೂ ತಿಳಿದವರಾಗಲು ಅವಕಾಶ ಕೊಡುತ್ತದೆ. ಮೂರು ವರ್ಷದ ಬಿಸಿಎ, ಎರಡು ವರ್ಷದ ಎಂಸಿಎ ಕಡಿಮೆ ಖರ್ಚಿನ ದಾರಿ. ಬಿಸಿಎ ಕೂಡ 2024-25ರಿಂದ ಎಐಸಿಟಿಇ ವ್ಯಾಪ್ತಿಗೆ ಬಂದಿದೆ. ಎಸ್ಸೆಸ್ಸೆಲ್ಸಿ ನಂತರ ಡಿಪ್ಲೊಮಾ ಮಾಡಿ ಡಿಸಿಇಟಿ ಮೂಲಕ ನೇರ ಎರಡನೇ ವರ್ಷದ ಬಿಇಗೆ ಸೇರುವವರು ಲ್ಯಾಬಿನ ಕೆಲಸದಲ್ಲಿ ಹಲವು ಸಲ ಪಿಯುಸಿಯಿಂದ ಬಂದವರಿಗಿಂತ ಮುಂದಿರುತ್ತಾರೆ. ಐಐಟಿ ಮದ್ರಾಸ್ ಆನ್‌ಲೈನಿನಲ್ಲಿ ನಡೆಸುವ ಡೇಟಾ ಸೈನ್ಸ್ ಬಿಎಸ್ ಪದವಿಯನ್ನು ಬೇರೆ ಪದವಿಯ ಜೊತೆಜೊತೆಗೇ ಮಾಡುವವರಿದ್ದಾರೆ. ಗೇಟ್‌ನ ಸಿಎಸ್ ಪತ್ರಿಕೆಯನ್ನು ಬೇರೆ ಬ್ರಾಂಚಿನವರೂ ಎಂಟೆಕ್ ಪ್ರವೇಶಕ್ಕಾಗಿ ಬರೆಯಬಹುದು.

ಸೇರಿದ ಮೇಲೆ ಸಾಮಾನ್ಯವಾಗಿ ಆಗುವ ತಪ್ಪುಗಳು

ಮೊದಲ ಸೆಮಿಸ್ಟರಿನಿಂದಲೇ ಅಸೈನ್‌ಮೆಂಟುಗಳನ್ನು ಎಐ ಕೈಲಿ ಮಾಡಿಸುವುದು ಈಗಿನ ಅತಿ ದೊಡ್ಡ ತಪ್ಪು. ಲಿಂಕ್ಡ್ ಲಿಸ್ಟ್ ಪ್ರೋಗ್ರಾಮಿನಿಂದ ಜಗತ್ತಿಗೆ ಯಾವ ಉಪಯೋಗವೂ ಇಲ್ಲ. ಅದು ಬರೆಯುವವರ ತಲೆ ತಯಾರಾಗಲೆಂದು ಇರುವುದು. ಅದನ್ನು ಯಂತ್ರಕ್ಕೆ ಬಿಟ್ಟುಕೊಟ್ಟರೆ ಅಂಕ ಬರುತ್ತದೆ, ತಲೆ ಇದ್ದಲ್ಲೇ ಇರುತ್ತದೆ. ಮೊದಲ ಎರಡು ವರ್ಷ ಎಐಯನ್ನು ಅನುಮಾನ ಕೇಳಲು ಮಾತ್ರ ಬಳಸಿ, ಮೂರನೇ ವರ್ಷದಿಂದ ಕೆಲಸಕ್ಕೆ ಬಳಸಿ. ಆಗಲೂ ಅದು ಬರೆದ ಪ್ರತಿ ಸಾಲು ಏಕಿದೆ ಎಂದು ಬಾಯಲ್ಲಿ ವಿವರಿಸಲು ಬರಬೇಕು. ಸಂದರ್ಶನದಲ್ಲಿ ಕೇಳುವುದು ಅದನ್ನೇ.

ಫೈನಲ್ ಇಯರ್ ಪ್ರಾಜೆಕ್ಟನ್ನು ಅಂಗಡಿಯಿಂದ ಕೊಳ್ಳುವುದು ಹಳೆಯ ತಪ್ಪು, ಇನ್ನೂ ನಿಂತಿಲ್ಲ. ರೆಸ್ಯೂಮಿನಲ್ಲಿ ತೋರಿಸಲು ಹೊಸಬರ ಹತ್ತಿರ ಇರುವುದೇ ಅದೊಂದು. ಅದನ್ನೇ ಕೊಂಡು ತಂದರೆ ಮೂರು ಪ್ರಶ್ನೆಗೆ ಬಣ್ಣ ಬಯಲಾಗುತ್ತದೆ. ಊರಿನ ಸೊಸೈಟಿ, ಗ್ರಂಥಾಲಯ, ಮಂಡಿಯ ಅಂಗಡಿ, ಎಲ್ಲಿಯಾದರೂ ಒಬ್ಬರು ದಿನವೂ ಬಳಸುವಂಥ ಸಣ್ಣ ವ್ಯವಸ್ಥೆ ಮಾಡಿಕೊಟ್ಟರೆ ಅದಕ್ಕಿಂತ ಎಷ್ಟೋ ಮೇಲು. ಬಳಸುವವರು ದೂರು ಹೇಳಿದಾಗಲೇ ಕಲಿಕೆ ಶುರು. ಬ್ಯಾಕ್‌ಲಾಗ್ ಬಗ್ಗೆ ಅಸಡ್ಡೆಯೂ ಬೇಡ: ಹತ್ತನೇ ತರಗತಿ, ಪಿಯುಸಿ, ಬಿಇ ಎಲ್ಲದರಲ್ಲೂ ಶೇ 60 ಇರಬೇಕು, ಬಾಕಿ ವಿಷಯ ಇರಬಾರದು ಎನ್ನುವ ಕಂಪನಿಗಳು ಬಹಳ ಇವೆ. "ಕೆಲಸ ಗ್ಯಾರಂಟಿ" ಎಂದು ಲಕ್ಷ ರೂಪಾಯಿ ಕೇಳುವ ತರಬೇತಿ ಕೇಂದ್ರಗಳಿಗೆ ಹೋಗುವ ಮುಂಚೆ ಆ ಗ್ಯಾರಂಟಿಯನ್ನು ಬರಹದಲ್ಲಿ ಕೇಳಿ. ಹೆಚ್ಚಿನ ಕಡೆ ಮಾತು ಅಲ್ಲಿಗೇ ಮುಗಿಯುತ್ತದೆ.

ಆಪ್ಷನ್ ಎಂಟ್ರಿ ಮಾಡುವಾಗ

ಇಷ್ಟೆಲ್ಲ ಯೋಚಿಸಿದವರೂ ಕೊನೆಗೆ ಆಪ್ಷನ್ ಪಟ್ಟಿಯಲ್ಲಿ ಎಡವುತ್ತಾರೆ. "ನಮ್ಮ ರ‍್ಯಾಂಕಿಗೆ ಆ ಕಾಲೇಜು ಸಿಗುವುದಿಲ್ಲ, ಅದನ್ನು ಮೇಲೆ ಹಾಕಿದರೆ ಸಿಗುವುದೂ ತಪ್ಪಿಹೋಗುತ್ತದೆ" ಎಂಬ ಭಯದಿಂದ ನಿಜವಾಗಿ ಬೇಕಾದ್ದನ್ನು ಕೆಳಗೆ ತಳ್ಳುತ್ತಾರೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಹಂಚಿಕೆ ನಡೆಯುವುದು ರ‍್ಯಾಂಕಿನ ಕ್ರಮದಲ್ಲಿ: ನಿಮ್ಮ ಸರದಿ ಬಂದಾಗ ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ಓದುತ್ತಾ, ನಿಮ್ಮ ಪ್ರವರ್ಗಕ್ಕೆ ಸೀಟು ಉಳಿದಿರುವ ಮೊದಲ ಆಪ್ಷನ್ ಕೊಡುತ್ತದೆ. ಸಿಗದ ಕಾಲೇಜನ್ನು ಮೇಲೆ ಹಾಕಿದ್ದರಿಂದ ಕೆಳಗಿನದು ತಪ್ಪಿಹೋಗುವುದಿಲ್ಲ, ಏಕೆಂದರೆ ನಿಮ್ಮ ಹಿಂದಿನ ರ‍್ಯಾಂಕಿನವರ ಸರದಿ ಬರುವುದು ನಿಮ್ಮ ಪಟ್ಟಿ ಓದಿ ಮುಗಿದ ಮೇಲೆ. ಆದ್ದರಿಂದ ನಿಜವಾಗಿ ಬೇಕಾದ ಕ್ರಮದಲ್ಲೇ ಬರೆಯಿರಿ, ಪಟ್ಟಿ ಉದ್ದವಿರಲಿ. ಆದರೆ ಸಿಕ್ಕರೂ ಸೇರುವುದಿಲ್ಲ ಎಂದುಕೊಂಡ ಕಾಲೇಜನ್ನೋ ಭರಿಸಲಾಗದ ಶುಲ್ಕದ ಸೀಟನ್ನೋ ಪಟ್ಟಿಯಲ್ಲಿ ಇಡಲೇಬೇಡಿ. ಅಣಕು ಹಂಚಿಕೆ ಬಂದ ಮೇಲೆ ಪಟ್ಟಿ ತಿದ್ದಲು ಅವಕಾಶವಿರುತ್ತದೆ, ಆ ದಿನಗಳನ್ನು ಕಳೆದುಕೊಳ್ಳಬೇಡಿ. ಸೀಟು ಸಿಕ್ಕ ನಂತರ ಚಾಯ್ಸ್ ಆಯ್ಕೆ ಮಾಡುವಾಗ, ಇದೇ ಸೀಟು ಸಾಕೇ, ಇದನ್ನು ಇಟ್ಟುಕೊಂಡು ಮುಂದಿನ ಸುತ್ತಿನಲ್ಲಿ ಇನ್ನೂ ಮೇಲಿನದಕ್ಕೆ ಕಾಯಬೇಕೇ ಎಂಬುದನ್ನು ಮನೆಯವರೆಲ್ಲ ಕೂತು ಮೊದಲೇ ತೀರ್ಮಾನಿಸಿ. ಹೀಗೆ ಕಾದು ಮೇಲಿನ ಆಪ್ಷನ್ ಸಿಕ್ಕರೆ ಹಳೆಯ ಸೀಟು ತಾನಾಗಿಯೇ ರದ್ದಾಗುತ್ತದೆ, ಆಮೇಲೆ ಬೇಕೆಂದರೂ ಸಿಗದು. ನಿಯಮಗಳು ವರ್ಷವರ್ಷವೂ ಅಷ್ಟಿಷ್ಟು ಬದಲಾಗುವುದರಿಂದ ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ಪ್ರಾಧಿಕಾರದ ವೆಬ್‌ಸೈಟಿನಿಂದ ಇಳಿಸಿಕೊಂಡು ಓದಿ; ವಾಟ್ಸ್‌ಆ್ಯಪ್‌ನಲ್ಲಿ ಬಂದ ಹಳೆಯ ವರ್ಷದ ಸೂಚನೆಯನ್ನು ನಂಬಿ ಚಾಯ್ಸ್ ಒತ್ತಬೇಡಿ. ಲಾಗಿನ್‌ನ ಪಾಸ್‌ವರ್ಡನ್ನು ಸೈಬರ್ ಸೆಂಟರಿನವರಿಗೋ ಸೀಟು ಕೊಡಿಸುತ್ತೇನೆ ಎನ್ನುವವರಿಗೋ ಕೊಡದೆ, ಪಟ್ಟಿಯನ್ನು ವಿದ್ಯಾರ್ಥಿಯೇ ತುಂಬಿ, ಉಳಿಸಿದ ಪಟ್ಟಿಯ ಪ್ರಿಂಟ್ ತೆಗೆದು, ಮನೆಯಲ್ಲಿ ಬರೆದುಕೊಂಡ ಕ್ರಮದ ಜೊತೆ ಸಾಲು ಸಾಲಾಗಿ ತಾಳೆ ನೋಡಲಿ.